ಐನೂರು ಲೀಟರ್ ನೀರನ್ನು ಇಳಿಸಿದ ಭಾನುವಾರ

ಅಕ್ವೇರಿಯಂ ಸ್ಟ್ಯಾಂಡಿನ ಕೆಳಗೆ ಹಾಸಿದ್ದ ಹಳೆಯ ದಿನಪತ್ರಿಕೆಯ ಒಂದು ಮೂಲೆ ಮಾತ್ರ ಪ್ರತಿದಿನ ಬೆಳಿಗ್ಗೆ ಒದ್ದೆಯಾಗಿರುತ್ತಿತ್ತು. ಮೀನಿಗೆ ಆಹಾರ ಹಾಕುವಾಗ ಚಿಮ್ಮಿದ ನೀರಿರಬೇಕೆಂದು ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ, ಶನಿವಾರ ರಾತ್ರಿ, ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆ ಒತ್ತಿ ಮಲಗಿ ನೋಡಿದಾಗ, ಹಿಂಬದಿಯ ಎಡಮೂಲೆಯಲ್ಲಿ ತಳದ ಗಾಜೂ ಪಕ್ಕದ ಗಾಜೂ ಸೇರುವ ಸಂದಿನಿಂದ ಒಂದು ಹನಿ ನಿಧಾನವಾಗಿ ದಪ್ಪಗಾಗಿ, ಪ್ಲೈವುಡ್ಡಿನ ಅಂಚಿಗೆ ಜಾರಿ, ಅಲ್ಲಿ ಸ್ವಲ್ಪ ಹೊತ್ತು ತೂಗಿ ಬೀಳುವುದು ಕಂಡಿತು. ಗಡಿಯಾರ ನೋಡುತ್ತಾ ಎಣಿಸಿದೆ. ನಿಮಿಷಕ್ಕೆ ಮೂರು ಹನಿ, ಅಂದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಲೋಟ ನೀರು. ಲೋಟ ನೀರು ದೊಡ್ಡದಲ್ಲ. ಆದರೆ ಸಿಲಿಕಾನ್ ಅಂಟು ಒಮ್ಮೆ ಬಿಡಲು ತೊಡಗಿತೆಂದರೆ ತಾನಾಗಿ ಕೂಡಿಕೊಳ್ಳುವುದಿಲ್ಲ, ಮತ್ತು ಆ ಅಂಟಿನ ಹಿಂದೆ ಅರ್ಧ ಟನ್ ನೀರು ನಿಂತಿರುತ್ತದೆ.

ನಮ್ಮ ತೊಟ್ಟಿ ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ್ದು. ಗಾಜಿನ ದಪ್ಪ 12 ಮಿಲಿಮೀಟರ್. ಅಂಚಿನಿಂದ ಎರಡು ಅಂಗುಲ ಬಿಟ್ಟು ತುಂಬಿಸಿದರೆ, ಅದರಲ್ಲಿರುವ ಜಲ್ಲಿಕಲ್ಲು ಆಕ್ರಮಿಸುವ ಜಾಗವನ್ನು ಕಳೆದು, ಸುಮಾರು 500 ಲೀಟರ್ ನೀರು ಹಿಡಿಯುತ್ತದೆ. ಈ ಅಳತೆಯ ತೊಟ್ಟಿ ಇರುವವರು ಒಂದು ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು: ನೀರಿನ ಮಟ್ಟ ಒಂದು ಅಂಗುಲ ಇಳಿಯಿತೆಂದರೆ 23 ಲೀಟರಿಗಿಂತ ತುಸು ಹೆಚ್ಚು, ಅಂದರೆ ಒಂದು ದೊಡ್ಡ ಬಕೆಟ್ ತುಂಬಿ ಚೆಲ್ಲುವಷ್ಟು ನೀರು ಹೊರಗೆ ಹೋಯಿತೆಂದು ಅರ್ಥ. ಗಾಜಿನ ಮೇಲಿನ ಒತ್ತಡದ ಲೆಕ್ಕ ಇದಕ್ಕಿಂತ ಸ್ವಾರಸ್ಯದ್ದು. 22 ಅಂಗುಲ ನೀರು ನಿಂತಾಗ ಮುಂದಿನ ಗಾಜನ್ನು ಹೊರಕ್ಕೆ ತಳ್ಳುವ ಬಲ ಸುಮಾರು 240 ಕೆ.ಜಿ. ತೂಕಕ್ಕೆ ಸಮ. ನೀರನ್ನು ಅರ್ಧಕ್ಕೆ ಇಳಿಸಿದರೆ ಆ ಬಲವೂ ಅರ್ಧವಾಗುತ್ತದೆಂದು ಮನಸ್ಸು ಹೇಳುತ್ತದೆ; ನಿಜವಾಗಿ ಅದು ಕಾಲು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಆಳ ಅರ್ಧವಾದಾಗ ಒತ್ತಡವೂ ಅರ್ಧವಾಗುತ್ತದೆ, ನೀರು ತಾಗಿರುವ ಗಾಜಿನ ವಿಸ್ತಾರವೂ ಅರ್ಧವಾಗುತ್ತದೆ. ಆದ್ದರಿಂದ ಸೋರಿಕೆ ಜೋರಾಗಿದ್ದರೆ ನಡುರಾತ್ರಿಯಾದರೂ ಎದ್ದು ಮೊದಲು ಅರ್ಧ ನೀರನ್ನು ಇಳಿಸಿಬಿಡಬೇಕು, ಉಳಿದದ್ದನ್ನು ಬೆಳಗಾದ ಮೇಲೆ ಯೋಚಿಸಬಹುದು. ನಮ್ಮದು ಹನಿ ಸೋರಿಕೆಯಾದ್ದರಿಂದ ಒಂದು ರಾತ್ರಿ ಕಾಯಲು ಧೈರ್ಯ ಬಂತು. ಮೀನುಗಳಿಗೆ ಆ ರಾತ್ರಿ ಆಹಾರ ಹಾಕಲಿಲ್ಲ. ಹೊಟ್ಟೆ ಖಾಲಿಯಿದ್ದ ಮೀನು ಡ್ರಮ್ಮಿನ ಇಕ್ಕಟ್ಟಿನಲ್ಲಿ ನೀರನ್ನು ಕಡಿಮೆ ಕೆಡಿಸುತ್ತದೆ.

ವಾರ ವಾರ ಕಾಲು ಭಾಗದಷ್ಟು ನೀರನ್ನು ಬದಲಿಸುವುದು ನನಗೆ ಎಂಟು ವರ್ಷಗಳಿಂದ ರೂಢಿಯಾಗಿದೆ. ಪೂರ್ತಿ ತೊಟ್ಟಿಯನ್ನು ಬರಿದು ಮಾಡುವುದು ಬೇರೆಯೇ ಕೆಲಸ ಎಂಬುದು ಆ ಭಾನುವಾರ ತಿಳಿಯಿತು. ನೀರನ್ನು ಹೊರಗೆ ತೆಗೆಯಲು ಒಂದು ಪೈಪು ಸಾಕು. ತಲೆ ಕೆಡಿಸಿಕೊಳ್ಳಬೇಕಾದದ್ದು ಯಾವ ನೀರು ಮೊದಲು ಹೊರಡಬೇಕು, ಯಾವುದು ಉಳಿಯಬೇಕು, ಹೋಗುವ ನೀರು ಎಲ್ಲಿಗೆ ಹೋಗಬೇಕು ಎಂಬುದಕ್ಕೆ.

ಪೈಪಿನ ವಿಷಯವನ್ನೇ ಮೊದಲು ಹೇಳುತ್ತೇನೆ. ಸ್ಕೂಟರಿನಿಂದ ಪೆಟ್ರೋಲ್ ತೆಗೆಯುವವರನ್ನು ನೋಡಿ ಕಲಿತ ನಾನು, ಮೊದಲ ಎರಡು ವರ್ಷ ಪೈಪಿನ ತುದಿಯನ್ನು ಬಾಯಲ್ಲಿಟ್ಟು ಎಳೆಯುತ್ತಿದ್ದೆ. ಯಾವುದೋ ಕೆಲಸ ನೀರು ಕುಡಿದಷ್ಟು ಸುಲಭ ಎನ್ನುತ್ತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜವಾಗುತ್ತಿತ್ತು. ಎರಡು ವಾರಕ್ಕೊಮ್ಮೆಯಾದರೂ ಒಂದು ಗುಟುಕು ಮೀನಿನ ನೀರು ಗಂಟಲಿಗೆ ಇಳಿಯುತ್ತಿತ್ತು. ಅದರ ಅಗತ್ಯವೇ ಇಲ್ಲ. ಪೈಪನ್ನು ನಲ್ಲಿಗೆ ಸಿಕ್ಕಿಸಿ ಗಾಳಿಗುಳ್ಳೆ ಒಂದೂ ಉಳಿಯದಂತೆ ನೀರು ತುಂಬಿಸಿ, ಎರಡು ತುದಿಗಳನ್ನೂ ಹೆಬ್ಬೆರಳಿನಿಂದ ಮುಚ್ಚಿ, ಒಂದು ತುದಿಯನ್ನು ತೊಟ್ಟಿಯೊಳಗೆ ಮುಳುಗಿಸಿ, ಇನ್ನೊಂದನ್ನು ಕೆಳಗೆ ಬಕೆಟ್ಟಿಗೆ ಇಳಿಸಿ ಬೆರಳು ತೆಗೆದರೆ ನೀರು ತಾನಾಗಿ ಹರಿಯತೊಡಗುತ್ತದೆ. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಬೇಕು. ಮೀನಿನ ತೊಟ್ಟಿಯಲ್ಲಿರಬಹುದಾದ ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಸೂಕ್ಷ್ಮಾಣು ಗಾಯದ ಮೂಲಕ ಒಳಹೊಕ್ಕು, ಬಹುಕಾಲ ವಾಸಿಯಾಗದ ಗಂಟುಗಳನ್ನು ಚರ್ಮದ ಮೇಲೆ ಎಬ್ಬಿಸುತ್ತದೆ.

ಸೈಫನ್ ಎನ್ನುವ ಈ ಪೈಪಿನ ಹರಿವು ಏಕೆ ನಡೆಯುತ್ತದೆ ಎಂಬುದನ್ನು ನನಗೆ ಮನದಟ್ಟು ಮಾಡಿಸಿದ್ದು ಶಾಲೆಯ ಪಾಠವಲ್ಲ, ಮನೆ ಕಟ್ಟುವ ಮೇಸ್ತ್ರಿಗಳ ಲೆವೆಲ್ ಟ್ಯೂಬು. ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿಸಿ ಇಬ್ಬರು ಎರಡು ಗೋಡೆಗಳ ಬಳಿ ಹಿಡಿದು ನಿಂತರೆ, ನಡುವೆ ಟ್ಯೂಬು ಎಷ್ಟು ಸುತ್ತಿಕೊಂಡಿದ್ದರೂ ಎರಡು ತುದಿಗಳಲ್ಲಿಯೂ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಒಂದು ತುದಿಯನ್ನು ಆ ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ನೀರು ಹೊರಗೆ ಸುರಿಯುತ್ತದೆ. ತೊಟ್ಟಿಯ ಪೈಪೂ ಅಂಥದ್ದೇ. ಗಾಜಿನ ಅಂಚನ್ನು ಏರಿ ಇಳಿಯುವುದಷ್ಟೇ ಅದರ ಹೆಚ್ಚಿನ ಶ್ರಮ, ಮತ್ತು ಆ ಏರಿಗೆ ನೀರನ್ನು ತಳ್ಳಿ ಹತ್ತಿಸುವುದು ಮೇಲಿನ ಗಾಳಿಯ ಒತ್ತಡ. ಹಾಗಾಗಿ ವೇಗವೆಲ್ಲ ತೊಟ್ಟಿಯ ನೀರಿನ ಮಟ್ಟಕ್ಕೂ ಪೈಪಿನ ಹೊರತುದಿಗೂ ಇರುವ ಎತ್ತರದ ವ್ಯತ್ಯಾಸದಲ್ಲಿದೆ. ನಮ್ಮ ಸ್ಟ್ಯಾಂಡು ಎರಡೂವರೆ ಅಡಿ ಎತ್ತರವಿರುವುದರಿಂದ, ಬಚ್ಚಲಿನವರೆಗೆ ಹೋಗುವ ಅರ್ಧ ಇಂಚಿನ ಪೈಪಿನಲ್ಲಿ ಮೊದಲ ಬಕೆಟ್ ತುಂಬಲು ಎರಡು ನಿಮಿಷವಾದರೆ, ತೊಟ್ಟಿ ಬರಿದಾಗುತ್ತಾ ಬಂದಂತೆ ಎರಡೂವರೆ ನಿಮಿಷವಾಗುತ್ತದೆ. ತೊಟ್ಟಿ ನೆಲದ ಮೇಲೆಯೇ ಇದ್ದಿದ್ದರೆ ಹರಿವು ಕುಂಟುತ್ತಾ ಹೋಗಿ ಕೊನೆಗೆ ನಿಂತೇಬಿಡುತ್ತಿತ್ತು. ಆಗ ಕೂಲರ್ ಪಂಪಿನಂಥ ಸಣ್ಣ ಮುಳುಗು ಪಂಪು ಬೇಕಾಗುತ್ತದೆ.

ಇದೇ ನಿಯಮ ನಮಗೆ ತಿಳಿಯದಂತೆ ನಮ್ಮ ಮನೆಯಲ್ಲಿ ಒಮ್ಮೆ ಕೆಲಸ ಮಾಡಿದೆ. ಗಾಳಿ ಪಂಪನ್ನು ನೆಲದ ಮೇಲೆ, ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟಿದ್ದೆ; ನೀರನ್ನೂ ಅಂದು ಅಂಚಿನವರೆಗೆ ತುಂಬಿಸಿದ್ದೆ. ರಾತ್ರಿ ಕರೆಂಟ್ ಹೋದಾಗ ಗಾಳಿ ನಿಂತು, ಆ ಬೆಂಡೆಕಾಯಿಯಷ್ಟೂ ದಪ್ಪವಿಲ್ಲದ ಟ್ಯೂಬಿನಲ್ಲಿ ನೀರು ಹಿಂದಕ್ಕೆ ಏರಿ ಬಂದು, ಪಂಪಿನ ಮೂಲಕ ನೆಲಕ್ಕೆ ಹರಿಯತೊಡಗಿತು. ಬೆಳಿಗ್ಗೆ ಎದ್ದಾಗ ತೊಟ್ಟಿಯಲ್ಲಿ ಎರಡು ಅಂಗುಲ ನೀರು ಕಡಿಮೆಯಾಗಿತ್ತು, ಹಾಲಿನ ಚಾಪೆ ತೇಲುವ ಸ್ಥಿತಿಯಲ್ಲಿತ್ತು. ಟ್ಯೂಬಿನ ನಡುವೆ ಸಿಕ್ಕಿಸುವ, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಪ್ಲಾಸ್ಟಿಕ್ ವಾಲ್ವ್ ಒಂದಿದ್ದರೆ ಇದು ಆಗುವುದಿಲ್ಲ. ಅದರ ಬೆಲೆಯನ್ನು ಹೇಳಲು ನಾಚಿಕೆಯಾಗುತ್ತದೆ.

ಭಾನುವಾರ ಬೆಳಿಗ್ಗೆ ಮಾಡಿದ ಮೊದಲ ಕೆಲಸ ಸ್ವಿಚ್ಚುಗಳನ್ನು ಆರಿಸಿದ್ದು. ಫಿಲ್ಟರ್, ಲೈಟ್, ಹೀಟರ್ ಎಲ್ಲವೂ ಆರಿ, ಪ್ಲಗ್ಗುಗಳು ಕಿತ್ತು ಬಂದು, ಹೀಟರ್ ನೀರಿನೊಳಗೇ ಇಪ್ಪತ್ತು ನಿಮಿಷ ತಣ್ಣಗಾಗುವವರೆಗೆ ಪೈಪನ್ನು ಮುಟ್ಟಲಿಲ್ಲ. ಕೆಲವು ವರ್ಷಗಳ ಹಿಂದೆ, ಒಂದು ಡಿಸೆಂಬರಿನಲ್ಲಿ, ನೀರು ಬದಲಿಸುವ ಅವಸರದಲ್ಲಿ ಹೀಟರನ್ನು ಮರೆತಿದ್ದೆ. ನೀರಿನ ಮಟ್ಟ ಅದರ ಕೆಳಗಿಳಿದು, ಒಣಗಿದ ಗಾಜಿನ ಕೊಳವೆ ಕಾದು ಕೆಂಡವಾಗಿ, ಮತ್ತೆ ನೀರು ತುಂಬಿಸಿದಾಗ ತಣ್ಣೀರು ತಗುಲಿ ಟಪ್ಪೆಂದು ಸೀಳಿತು. ಒಳಗಿನ ತಂತಿ ನೀರಿನಲ್ಲಿ, ನನ್ನ ಕೈ ಅದೃಷ್ಟವಶಾತ್ ಹೊರಗೆ. ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಮನೆಯ ಇ.ಎಲ್.ಸಿ.ಬಿ. ಸ್ವಿಚ್ಚು ತಕ್ಷಣ ಬಿದ್ದದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಫಿಲ್ಟರಿನ ಮೋಟಾರಿಗೂ ನೀರೇ ತಂಪು. ನೀರಿಲ್ಲದೆ ಓಡಿದರೆ ಸುಟ್ಟುಹೋಗುತ್ತದೆ.

ಆಮೇಲೆ ನೀರು. ಹೆಚ್ಚಿನವರು, ನಾನೂ ಹಿಂದೊಮ್ಮೆ, ತಪ್ಪುವುದು ಇಲ್ಲಿ. ತೊಟ್ಟಿಯನ್ನು ಬರಿದು ಮಾಡಬೇಕೆಂದೊಡನೆ ಕೈ ತಳದ ಕೊಳೆಯ ಕಡೆಗೆ ಹೋಗುತ್ತದೆ. ಜಲ್ಲಿಯನ್ನು ಕೆದಕಿ ಕೊಳೆ ಎಬ್ಬಿಸಿ, ಅದನ್ನು ಪೈಪಿನಲ್ಲಿ ಹೊರಗೆ ಬಿಟ್ಟು, ಅರ್ಧ ತೊಟ್ಟಿ ಖಾಲಿಯಾದ ಮೇಲೆ ಮೀನುಗಳಿಗೆ ತಿಳಿನೀರು ಬೇಕೆಂದು ನೆನಪಾಗುತ್ತದೆ. ಆಗ ಉಳಿದಿರುವುದು ಕಾಫಿ ಬಣ್ಣದ ನೀರು. ಆದ್ದರಿಂದ ಈ ಸಲ ಜಲ್ಲಿಯನ್ನು ಮುಟ್ಟದೆ, ಪೈಪಿನ ತುದಿಗೆ ಸೊಳ್ಳೆ ಪರದೆಯ ತುಂಡನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು, ಅದನ್ನು ಮೇಲ್ಮಟ್ಟದಿಂದ ಒಂದು ಗೇಣು ಕೆಳಗೆ ಮಾತ್ರ ನಿಲ್ಲುವಂತೆ ಅಂಚಿಗೆ ದಾರದಿಂದ ಕಟ್ಟಿ, ಮೂರು ನೀಲಿ ಡ್ರಮ್ಮುಗಳಿಗೆ ತಲಾ 80 ಲೀಟರಿನಂತೆ ತಿಳಿನೀರನ್ನು ಮೊದಲು ಇಳಿಸಿದೆ. ಡ್ರಮ್ಮುಗಳು ಹೊಸವಲ್ಲ, ಅಡುಗೆಯವರಿಂದ ತಂದವು. ಸೋಪಿನ ಸೋಂಕಿಲ್ಲದಂತೆ ಬರಿಯ ನೀರಿನಲ್ಲಿ ನಾಲ್ಕು ಸಲ ತೊಳೆದಿದ್ದೆ. 240 ಲೀಟರ್ ಹೀಗೆ ಉಳಿಯಿತು, ತೊಟ್ಟಿಯ ಸುಮಾರು ಅರ್ಧ.

ಮೀನಿನ ಹಳೆಯ ನೀರನ್ನು ಏಕೆ ಉಳಿಸಬೇಕು, ಎಲ್ಲವನ್ನೂ ಚೆಲ್ಲಿ ಹೊಸದನ್ನು ತುಂಬಿಸಬಾರದೇ ಎಂದು ಅಕ್ಕನ ಮಗ ಕೇಳಿದ. ಡ್ರಮ್ಮು ಹೊರಲು ಬಂದಿದ್ದ ಹುಡುಗನ ಪ್ರಶ್ನೆ ನ್ಯಾಯವಾದದ್ದೇ. ಮೀನು ತಾನು ಬದುಕುತ್ತಿರುವ ನೀರಿನ ಉಷ್ಣತೆಗೂ ಗಡಸುತನಕ್ಕೂ ಹುಳಿಗೂ ಒಗ್ಗಿಕೊಂಡಿರುತ್ತದೆ. ಒಂದೇ ಏಟಿಗೆ ಎಲ್ಲವೂ ಬದಲಾದರೆ ಅದಕ್ಕೆ ಆಘಾತವಾಗುತ್ತದೆ. ಬಹುಕಾಲ ನೀರು ಬದಲಿಸದೆ ಬಿಟ್ಟ ತೊಟ್ಟಿಯಲ್ಲಿ ಅಪಾಯ ಇನ್ನೂ ಹೆಚ್ಚು: ಅಲ್ಲಿ ನೀರು ಹುಳಿಗಟ್ಟಿರುವುದರಿಂದ ಮೀನಿನ ತ್ಯಾಜ್ಯದಿಂದ ಸೇರಿಕೊಂಡಿರುವ ಅಮೋನಿಯಾ ಹೆಚ್ಚು ಹಾನಿಯಿಲ್ಲದ ಅಮೋನಿಯಂ ರೂಪದಲ್ಲಿ ಅಡಗಿರುತ್ತದೆ, ಗಡಸಾದ ಬೋರ್‌ವೆಲ್ ನೀರನ್ನು ಒಮ್ಮೆಲೇ ಸುರಿದರೆ ಹುಳಿ ತಗ್ಗಿ, ಅಂದರೆ ಪಿ.ಎಚ್. ಏರಿ, ಅದೇ ವಿಷವಾಗಿ ಎದ್ದು ಕೂರುತ್ತದೆ. ನೀರು ಬದಲಿಸಿದ ಮಾರನೆಯ ದಿನವೇ ಮೀನುಗಳು ಸತ್ತವೆಂದು ಹೊಸ ನೀರನ್ನು ದೂರುವವರಲ್ಲಿ ಹಲವರ ಕಥೆ ಇದು.

ಇದಕ್ಕಿಂತ ಮುಖ್ಯವಾದದ್ದು ಫಿಲ್ಟರಿನ ಸ್ಪಂಜು. ಮೀನಿನ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುತ್ತಿರುವುದು ಕಡಿಮೆ. ಸ್ಪಂಜಿಗೆ, ಜಲ್ಲಿಗೆ, ಗಾಜಿಗೆ ಅಂಟಿಕೊಂಡಿರುವುದೇ ಹೆಚ್ಚು. ಅವು ನೆಲೆಯೂರಲು ವಾರಗಳೇ ಹಿಡಿಯುತ್ತವೆ. ಆ ಕಂದು ಸ್ಪಂಜನ್ನು ನೋಡಿ ಅಸಹ್ಯಪಟ್ಟು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಹಿಂಡಿದರೆ, ನಲ್ಲಿ ನೀರಿನ ಕ್ಲೋರಿನ್ ಅವುಗಳ ಕಥೆ ಮುಗಿಸುತ್ತದೆ. ನಾನು ತೊಟ್ಟಿಯ ನೀರಿನಲ್ಲೇ ಎರಡು ಸಲ ಅದ್ದಿ ತೆಗೆದು, ಒಣಗಲು ಬಿಡದೆ ಮೂರು ತುಂಡು ಮಾಡಿ ಮೂರು ಡ್ರಮ್ಮುಗಳಲ್ಲಿ ಗಾಳಿ ಪಂಪಿಗೆ ಸಿಕ್ಕಿಸಿ ನಡೆಸಿದೆ.

ನಮ್ಮಲ್ಲಿರುವುದು ಎರಡು ಆಸ್ಕರ್ ಮೀನುಗಳು, ಒಂದು ಸಕ್ಕರ್. ಆಸ್ಕರ್ ಒಂದೊಂದೂ ಹತ್ತು ಅಂಗುಲ. ನೀರು ತುಂಬಿದ್ದಾಗ ಅವನ್ನು ಹಿಡಿಯಲು ಹೋಗುವುದು ಹುಂಬತನ. ಐದಡಿ ಉದ್ದಕ್ಕೂ ಓಡಿ, ಗಾಜಿಗೆ ಡಿಕ್ಕಿ ಹೊಡೆದು, ಹೊರಗೆ ಹಾರಲೂಬಹುದು. ಮಟ್ಟ ಒಂದಡಿಗಿಂತ ಕೆಳಗಿಳಿದ ಮೇಲೆ ಕೋಣೆಯ ದೀಪ ಆರಿಸಿ, ಕಿಟಕಿಗೆ ಚಾದರ ಎಳೆದು, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನೊಳಗೆ ಅಡ್ಡ ಮಲಗಿಸಿ, ನಿಧಾನವಾಗಿ ಮೂಲೆಗೆ ಒತ್ತರಿಸುತ್ತಾ ಹೋದೆ. ದೊಡ್ಡ ಆಸ್ಕರ್ ಕಪ್ಪಿಟ್ಟುಕೊಂಡು, ಕಿತ್ತಳೆ ಗೀಟುಗಳೂ ಕಾಣದಷ್ಟು ಮಂಕಾಗಿ, ಡಬ್ಬಿಯ ಬಾಯಿಯ ಮುಂದೆ ಒಂದು ಕ್ಷಣ ನಿಂತು ಕಣ್ಣು ಹೊರಳಿಸಿ ನೋಡಿತು. ಆಮೇಲೆ ತಾನಾಗಿಯೇ ಒಳಗೆ ಹೋಯಿತು. ಸಕ್ಕರಿಗಂತೂ ಬಲೆ ಹಾಕಲೇಬಾರದು. ಅದರ ಪಕ್ಕದ ರೆಕ್ಕೆಗಳ ಮುಂದಿನ ಮುಳ್ಳುಗಳು ಬಲೆಗೆ ಸಿಕ್ಕಿಕೊಂಡರೆ ಕತ್ತರಿಯಿಂದ ಬಲೆಯನ್ನು ಕತ್ತರಿಸದೆ ಗತಿಯಿಲ್ಲ. ಅದು ಹಿಂದಿನ ಗಾಜಿಗೆ ಬಾಯಿ ಅಂಟಿಸಿಕೊಂಡು, ನೀರು ಇಳಿದಂತೆಲ್ಲ ತಾನೂ ಒಂದೊಂದು ಗೇಣು ಕೆಳಗೆ ಜಾರುತ್ತಾ, ಕೊನೆಗೆ ತಳಕ್ಕೆ ಬಂದು ಕೂತಿತ್ತು. ತೊಟ್ಟಿ ಕೊಡುವ ಮನಸ್ಸಾದವರು ಈ ಸಕ್ಕರನ್ನು ಕೆರೆಗೆ ಬಿಡುವುದುಂಟು. ದಕ್ಷಿಣ ಅಮೆರಿಕದ ಈ ಮೀನು ನಮ್ಮ ನೀರಿನಲ್ಲಿ ಚೆನ್ನಾಗಿಯೇ ಬದುಕಿ, ಹೆಚ್ಚಿ, ಬಲೆ ಹರಿದು ಮೀನುಗಾರರಿಗೆ ತಲೆನೋವಾಗಿದೆ. ಅದನ್ನು ಅಂಗಡಿಗೇ ಮರಳಿಸಬೇಕು.

ಮೀನುಗಳು ಹೋದ ಮೇಲೆ ಉಳಿದದ್ದು ಸುಮಾರು 260 ಲೀಟರ್, ಹದಿಮೂರು ಬಕೆಟ್. ಇದು ಎಲ್ಲಿಗೆ ಹೋಗಬೇಕು? ಹಿಂದೆಲ್ಲ ಬಚ್ಚಲಿಗೆ ಬಿಡುತ್ತಿದ್ದೆ. ಹಾಗೆ ಬಿಡುತ್ತಿದ್ದ ಒಂದು ದಿನ ಸೂಕ್ಷ್ಮ ಮರಳೂ ಜಲ್ಲಿಯೂ ನೀರಿನ ಜೊತೆ ಹೋಗಿ ಕೆಳಗಿನ ಚೇಂಬರಿನಲ್ಲಿ ಗಟ್ಟಿಯಾಗಿ ಕೂತು, ಮನೆ ಮಾಲೀಕರ ಸ್ನಾನದ ಮನೆಯಲ್ಲಿ ನೀರು ಮೇಲೆದ್ದಿತು. ಚೇಂಬರ್ ಬಿಡಿಸಿದ ಕೂಲಿಯನ್ನು ನಾನೇ ಕೊಟ್ಟೆ, ಆದರೂ ಒಂದು ವರ್ಷ ಮೆಟ್ಟಿಲಿನಲ್ಲಿ ಎದುರಾದಾಗಲೆಲ್ಲ ಅವರು ಮೀನು ಹೇಗಿವೆ ಎಂದು ಕೇಳುತ್ತಿದ್ದ ಧಾಟಿ ಬೇರೆಯಿತ್ತು. ಚೇಂಬರಿಗಿಂತ ಹೆಚ್ಚಾಗಿ ನನ್ನನ್ನು ಬದಲಿಸಿದ್ದು 2024ರ ಬೇಸಿಗೆ. ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗೆ ಸಾಲು ನಿಂತು, ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಬಳಸಿದರೆ ₹5000 ದಂಡ ಎಂದು ಆದೇಶ ಹೊರಡಿಸಿದ ದಿನಗಳವು. ನಮ್ಮ ನಲ್ಲಿಗೆ ಬರುವ ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಮೂರು ಹಂತಗಳಲ್ಲಿ ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪಾಗಿ ಬರುತ್ತದೆ. ಅದನ್ನು ಮೀನಿಗೆ ತೋರಿಸಿ ಮೋರಿಗೆ ಕಳಿಸುತ್ತಿದ್ದೇನಲ್ಲ ಎಂಬುದು ಆಗ ಮೊದಲ ಬಾರಿಗೆ ಚುಚ್ಚಿತು. ಊರಿನಿಂದ ಬಂದಿದ್ದ ಅಮ್ಮ ಇದನ್ನು ಇನ್ನೂ ನೇರವಾಗಿ ಹೇಳಿದ್ದರು: "ಇಷ್ಟು ನೀರಲ್ಲಿ ನಮ್ಮೂರಲ್ಲಿ ಒಂದು ನಾಮಕರಣ ಮುಗೀತಿತ್ತು ಕಣೋ."

ಅಕ್ವೇರಿಯಂ ನೀರು ಗಿಡಕ್ಕೆ ಒಳ್ಳೆಯ ಗೊಬ್ಬರ. ಅದರಲ್ಲಿರುವ ನೈಟ್ರೇಟ್ ಮೀನಿಗೆ ಹೆಚ್ಚಾದರೆ ಕೆಟ್ಟದ್ದು, ಎಲೆಗೆ ಬೇಕಾದದ್ದು. ಎಚ್ಚರಿಕೆ ಎರಡೇ: ಔಷಧಿ ಹಾಕಿದ ನೀರನ್ನು ತರಕಾರಿ, ಸೊಪ್ಪಿಗೆ ಬಿಡಬಾರದು, ಬಿಳಿ ಚುಕ್ಕೆ ರೋಗಕ್ಕೆಂದು ಕಲ್ಲುಪ್ಪು ಕರಗಿಸಿದ್ದರೆ ಕುಂಡದ ಗಿಡಗಳಿಗೆ ಹಾಕಬಾರದು. ತೆಂಗಿನ ಮರಕ್ಕೆ ಮಾತ್ರ ಈ ಎರಡನೆಯ ಭಯವಿಲ್ಲ. ನಮ್ಮ ಕಡೆ ಬುಡಕ್ಕೆ ಉಪ್ಪು ಹಾಕುವುದೇ ವಾಡಿಕೆ. ನನ್ನ ನೀರಿನಲ್ಲಿ ತಿಂಗಳುಗಳಿಂದ ಔಷಧಿಯೂ ಇರಲಿಲ್ಲ, ಉಪ್ಪೂ ಇರಲಿಲ್ಲ. ಐದು ಬಕೆಟ್ಟುಗಳನ್ನು ಅಕ್ಕನ ಮಗ ತಾರಸಿಗೆ ಹೊತ್ತ. ಆರನೆಯದಕ್ಕೆ ಅವನ ಮುಖ ನೋಡಿದಾಗ, ಕೆಳಗಿನ ಅಂಗಳ ನೆನಪಾಯಿತು. ಮಾಲೀಕರ ಬಳಿ ಹೋಗಿ ಕೇಳಿದೆ.

"ಮೀನಿನ ನೀರು ಹಾಕಿದ್ರೆ ಮಲ್ಲಿಗೆ ಸುಟ್ಟು ಹೋಗಲ್ವೇನ್ರೀ?" ಎಂದರು.

"ಇಲ್ಲ ಸಾರ್, ಸಗಣಿ ನೀರಿದ್ದ ಹಾಗೆ, ಇನ್ನೂ ತೆಳು."

"ಮರಳು?"

"ಬಟ್ಟೆ ಕಟ್ಟಿದ್ದೀನಿ ಸಾರ್."

ಬಾಲ್ಕನಿಯ ಕಂಬಿಯ ಸಂದಿನಿಂದ ಪೈಪನ್ನು ಎರಡು ಮಹಡಿ ಕೆಳಗೆ ಇಳಿಬಿಟ್ಟಾಗ ಸೈಫನ್ನಿನ ನಿಯಮ ಕಣ್ಣಿಗೆ ಕಟ್ಟಿದಂತಾಯಿತು. ಪೈಪಿನ ಉದ್ದ ಇಮ್ಮಡಿಯಾಗಿದ್ದರೂ, ಹೊರತುದಿ ಇಪ್ಪತ್ತೈದು ಅಡಿ ಕೆಳಗೆ ಹೋದದ್ದರಿಂದ ಬಕೆಟ್ಟಿಗೆ ಎರಡು ನಿಮಿಷವಾಗುತ್ತಿದ್ದ ಹರಿವು ಒಂದು ನಿಮಿಷಕ್ಕೆ ಇಳಿಯಿತು. ಆದರೆ ಇಷ್ಟು ಇಳಿಜಾರಿಗೆ ಮೆತ್ತನೆಯ ಪಾರದರ್ಶಕ ಪೈಪು ಆಗದು. ಅಂಚಿನ ಮೇಲೆ ಬಾಗುವ ಜಾಗದಲ್ಲಿ ಒಳಗಿನ ಒತ್ತಡ ಕಡಿಮೆಯಾಗಿ, ಹೊರಗಿನ ಗಾಳಿ ಅದನ್ನು ಹಿಂಡಿ ಚಪ್ಪಟೆ ಮಾಡುತ್ತದೆ. ಒಳಗೆ ನೂಲು ಹೆಣೆದ ಗಟ್ಟಿ ಪೈಪೇ ಬೇಕು. ಕೆಳಗೆ ಮಾಲೀಕರು ತಾವೇ ಪೈಪು ಹಿಡಿದು ಮಲ್ಲಿಗೆ, ಕರಿಬೇವು, ದಾಸವಾಳದ ಬುಡಗಳಿಗೆ ಸರದಿಯ ಪ್ರಕಾರ ಬಿಡುತ್ತಾ, ನಡುನಡುವೆ ಮೇಲೆ ನೋಡಿ "ಇನ್ನೂ ಇದೆಯೇ?" ಎಂದು ಕೂಗುತ್ತಿದ್ದರು.

ತಳದ ನೀರು ಹೋಗುವ ಹೊತ್ತಿಗೆ ಜಲ್ಲಿಯ ಸರದಿ ಬಂತು. ನಾಲ್ಕಂಗುಲ ದಪ್ಪವಾಗಿ ಗುಡ್ಡೆ ಬಿದ್ದಿದ್ದ ಹಿಂದಿನ ಮೂಲೆಯಲ್ಲಿ, ಕಲ್ಲುಗಳ ನಡುವೆ ಕಪ್ಪು ಗೆರೆಯೊಂದು ಗಾಜಿನ ಹೊರಗಿನಿಂದಲೇ ಕಾಣುತ್ತಿತ್ತು. ಕೆದಕಿದೊಡನೆ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಗಾಳಿಯಾಡದ ಆಳದಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಇದು; ಮೀನುಗಳಿರುವಾಗ ಈ ಗುಡ್ಡೆಯನ್ನು ಒಮ್ಮೆಲೇ ಕದಡಿದರೆ ಅವು ಬದುಕುವುದು ಕಷ್ಟ. ಮೀನುಗಳನ್ನು ಮೊದಲು ಕಳುಹಿಸಿದ್ದು ಎಷ್ಟು ಒಳ್ಳೆಯದಾಯಿತೆಂದು ಆ ಕ್ಷಣ ಅನ್ನಿಸಿತು. ಕೊನೆಯ ಒಂದು ಅಂಗುಲಕ್ಕೆ ಪೈಪು ಗೊರಗೊರ ಎಂದು ಗಾಳಿ ಎಳೆದು ಕೈಬಿಟ್ಟಿತು. ಜಲ್ಲಿಯನ್ನು ಹೊಸ ಪ್ಲಾಸ್ಟಿಕ್ ಕಸದ ಮೊರದಲ್ಲಿ ಬಾಚಿ ಬಕೆಟ್ಟುಗಳಿಗೆ ತುಂಬಿದೆವು. ಒಂದು ಬಕೆಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಹಿಡಿ ಕಿತ್ತು ಬರುತ್ತದೆ. ಮೊರ ತಲುಪದ ಸಂದುಗಳ ನೀರನ್ನು ಸ್ಪಂಜಿನಿಂದ ಹೀರಿ ಚೊಂಬಿಗೆ ಹಿಂಡಿದೆ. 500 ಲೀಟರ್ ಇಳಿಸಲು ಒಂದೂವರೆ ಗಂಟೆಯಾದರೆ, ಈ ಕೊನೆಯ ಚೊಂಬಿಗೆ ಮುಕ್ಕಾಲು ಗಂಟೆಯಾಯಿತು.

ಬರಿದಾದ ತೊಟ್ಟಿಯನ್ನು ಹಗುರವೆಂದು ತಿಳಿಯಬಾರದು. 12 ಮಿಲಿಮೀಟರ್ ಗಾಜಿನದು ಖಾಲಿಯಿದ್ದಾಗಲೂ ನೂರು ಕೆ.ಜಿ. ದಾಟುತ್ತದೆ; ನಾಲ್ಕು ಜನ, ನಾಲ್ಕು ಮೂಲೆ, ಕೈಗೆ ರಬ್ಬರ್ ಕೈಗವಸು. ಎರಡು ಬಕೆಟ್ ನೀರು ಉಳಿದಿದ್ದರೂ ಎತ್ತಬಾರದು, ಓರೆಯಾದೊಡನೆ ನೀರೆಲ್ಲ ಒಂದೇ ಬದಿಗೆ ನುಗ್ಗಿ ಅಂಟನ್ನು ಹರಿಯುತ್ತದೆ. ಚಾದರ ಹಾಸಿದ ನೆಲದ ಮೇಲೆ ಅದನ್ನು ಹಿಂಬದಿಗೆ ಮಲಗಿಸಿ ನೋಡಿದಾಗ, ಸೋರುವ ಸಂದಿನಲ್ಲಿ ಒಳಗಿನ ಅಂಟು ಒಂದೂವರೆ ಅಂಗುಲ ಉದ್ದಕ್ಕೆ ಎದ್ದಿತ್ತು. ಎದ್ದ ಜಾಗದಲ್ಲಿ ಪಾಚಿ ಒಳಗೆ ಹೊಕ್ಕು ಹಸಿರು ಗೆರೆಯಾಗಿತ್ತು. ಪ್ರಾಯಶಃ ನಾನೇ ಪಾಚಿ ಕೆರೆಯುವಾಗ ಬ್ಲೇಡು ತಗುಲಿಸಿದ್ದು. ಹೊಸ ಸಿಲಿಕಾನ್ ಹಳೆಯದರ ಮೇಲೆ ಗಟ್ಟಿಯಾಗಿ ಹಿಡಿಯುವುದಿಲ್ಲವಾದ್ದರಿಂದ, ಒಳಗಿನ ಸುತ್ತಿನ ಅಂಟನ್ನೆಲ್ಲ ಬ್ಲೇಡಿನಿಂದ ಕಿತ್ತು, ಸ್ಪಿರಿಟ್ಟಿನಿಂದ ಒರೆಸಿ, ಶಿಲೀಂಧ್ರನಾಶಕ ಬೆರೆಸದ ಅಕ್ವೇರಿಯಂ ಸಿಲಿಕಾನನ್ನೇ ಹಾಕಿಸಿದೆ. ಮನೆಯೆಲ್ಲ ಮೂರು ದಿನ ವಿನೆಗರಿನ ವಾಸನೆ. ಒಂದು ವಾರ ಬಿಟ್ಟು, ಬರಿಯ ನೀರು ತುಂಬಿಸಿ, ಕೆಳಗೆ ಒಣ ಕಾಗದ ಹಾಸಿ ಎರಡು ದಿನ ಪರೀಕ್ಷಿಸಿದ ಮೇಲೆ, ಆ ನೀರನ್ನೂ ಮತ್ತೆ ಅಂಗಳಕ್ಕೇ ಇಳಿಸಿದೆ.

ಮರಳಿ ತುಂಬಿಸುವಾಗ ಡ್ರಮ್ಮುಗಳ ಹಳೆಯ ನೀರು ಮೊದಲು, ಹೈಪೋ ಹರಳು ಹಾಕಿ ಕ್ಲೋರಿನ್ ತೆಗೆದ ಹೊಸ ನೀರು ಆಮೇಲೆ, ಜಲ್ಲಿಯ ಮೇಲೆ ಒಂದು ಊಟದ ತಟ್ಟೆ ಇಟ್ಟು ಅದರ ಮೇಲೆ ಸಣ್ಣಗೆ. ದೊಡ್ಡ ಆಸ್ಕರ್ ತೊಟ್ಟಿಗೆ ಬಿಟ್ಟೊಡನೆ ತಳಕ್ಕೆ ಹೋಗಿ ಒಂದು ಮಗ್ಗುಲಾಗಿ ಮಲಗಿಬಿಟ್ಟಿತು. ಅಮ್ಮ ಗಾಬರಿಯಾಗಿ "ಹೋಯ್ತೇನೋ ಪಾಪ" ಎಂದರು. ಆಸ್ಕರ್ ಮುನಿಸಿಕೊಂಡಾಗ ಹಾಗೆಯೇ. ಕಿವಿರು ಆಡುತ್ತಿದೆಯೇ ಎಂದು ನೋಡಿದರೆ ಸಾಕು. ಎರಡು ದಿನ ಹಾಗೇ ಮಲಗಿ, ಮೂರನೆಯ ದಿನ ಹಾಕಿದ ಮೊದಲ ಕಾಳನ್ನು ಬಾಯಿಗೆ ತೆಗೆದುಕೊಂಡು ಉಗಿದು, ಎರಡನೆಯದನ್ನು ನುಂಗಿತು.

ಪೈಪನ್ನು ತೊಳೆದು, ಎರಡು ತುದಿಗಳೂ ಕೆಳಗೆ ಬರುವಂತೆ ಬಾಲ್ಕನಿಯ ಕಂಬಿಗೆ ನೇತುಹಾಕಿದ್ದೇನೆ. ಒಳಗೆ ನೀರು ನಿಂತರೆ ಪಾಚಿ ಕಟ್ಟಿ, ಮುಂದಿನ ಶನಿವಾರದ ಹೊತ್ತಿಗೆ ನಾರುತ್ತದೆ.